ದೊಡ್ಡಮ್ಮನಿಗೆ ತಂಪು ಗಾಳಿ

ಗುಮಾಸ್ತನ ಕಾರಿನಲ್ಲಿ ಏಸಿ ಹಾಕಿದರೆ ಬಿಸಿಗಾಳಿ ಬರುತ್ತಿತ್ತು. ಕುದಿಯುವ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುತ್ತದಲ್ಲ, ಅಂಥ ಗಾಳಿ. ಇಷ್ಟು ದಿನ ಕಿಟಕಿ ಇಳಿಸಿಕೊಂಡು ಹೇಗೋ ಸಹಿಸಿದ್ದ. ಆದರೆ ಆ ಬೆಳಿಗ್ಗೆ ಆಸ್ಪತ್ರೆಯಿಂದ ದೊಡ್ಡಮ್ಮನ ಫೋನು ಬಂತು.

"ಮಧ್ಯಾಹ್ನ ಮನೆಗೆ ಕಳಿಸ್ತಾರಂತೆ ಮಗಾ. ಆಮೇಲೂ ತಿಂಗಳುಗಟ್ಟಲೆ ಇಲ್ಲಿಗೆ ಓಡಾಡಬೇಕಂತೆ. ನೀನೇ ಬಾ. ನಿನ್ನ ಮನೇಲೇ ಇರ್ತೀನಿ, ನಿನ್ನ ಕಾರಲ್ಲೇ ಓಡಾಡ್ತೀನಿ."

ಗುಮಾಸ್ತನ ಕಣ್ಣು ತುಂಬಿತು. ತಾಯಿ ತೀರಿಕೊಂಡ ಮೇಲೆ ಅವನನ್ನೂ ಅವನ ಅಣ್ಣನನ್ನೂ ಸಾಕಿದ ಜೀವ ಅದು. ಆದರೂ ಇಷ್ಟು ವರ್ಷ ಇದ್ದದ್ದು ಅಣ್ಣನ ಮನೆಯಲ್ಲಿ. ಅಣ್ಣನ ಕಾರು ದೊಡ್ಡದು. ಅದರೊಳಗೆ ಹಾಲಿಟ್ಟರೆ ವಾರ ಕೆಡದು ಅನ್ನುವಷ್ಟು ತಂಪು. ಹೋದ ಬೇಸಿಗೆಯಲ್ಲಿ ದೊಡ್ಡಮ್ಮ ಇವನ ಕಾರಿನಲ್ಲಿ ಕೂತು ದಾರಿಯುದ್ದಕ್ಕೂ ಮುಖ ಒರೆಸಿಕೊಂಡದ್ದು ಗುಮಾಸ್ತನ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಈಗ ದೇವರು ಕಣ್ಣು ಬಿಟ್ಟಿದ್ದಾನೆ. ಇವತ್ತು ಅವರನ್ನು ಬೇಯಿಸಿದರೆ ನಾಳೆಯೇ ಅಣ್ಣನ ಮನೆಗೆ ಹೊರಟುಬಿಡುತ್ತಾರೆ.

ಗ್ಯಾರೇಜಿನವನು ನಾಳೆ ಬನ್ನಿ ಎಂದ. ಗುಮಾಸ್ತ ತಾನೇ ಬಾನೆಟ್ಟು ಎತ್ತಿ, ಬಾವಿಗೆ ಬಿದ್ದ ಕೊಡ ಹುಡುಕುವವನಂತೆ ಬಗ್ಗಿ ನಿಂತ. ಅಷ್ಟು ಸಾಕಾಯಿತು. ಎದುರುಮನೆಯ ಮೇಷ್ಟ್ರು ಚಪ್ಪಲಿ ಕೂಡ ಮೆಟ್ಟದೆ ಬಂದರು. ನಿವೃತ್ತಿಯಾದ ಮೇಲೆ ಅವರಿಗೆ ತಿದ್ದಲು ಯಾರೂ ಸಿಕ್ಕಿರಲಿಲ್ಲ. ಗಾಳಿ ಜೋರಾದರೆ ತಾನೇ ತಣ್ಣಗಾಗುತ್ತದೆ ಎಂದು ಗಾಳಿ ಹೆಚ್ಚುಕಡಿಮೆ ಮಾಡುವ ತಿರುಪನ್ನು ಕೊನೆಯವರೆಗೂ ತಿರುಗಿಸಿದರು. ತಿರುಪು ಮುರಿದು ಅವರ ಕೈಗೇ ಬಂತು. ಅವರು ಅದನ್ನು ಮೆಲ್ಲಗೆ ಜೇಬಿಗೆ ಇಳಿಸಿದರು.

ಅಷ್ಟರಲ್ಲಿ ಮಹಡಿಯ ಮೇಲಿನ ಮಿಕ್ಸಿ ರಿಪೇರಿಯವನು ಇಳಿದು ಬಂದ. ಮಿಕ್ಸಿ ಆದರೇನು, ಕಾರು ಆದರೇನು, ಕರೆಂಟು ಒಂದೇ ಎಂಬುದು ಅವನ ವಾದ. ಏಸಿ ಯಂತ್ರಕ್ಕೆ ಕರೆಂಟೇ ಹೋಗುತ್ತಿಲ್ಲ ಎಂದು ಕಂಡುಹಿಡಿದ. ಅದು ನಿಜವೂ ಆಗಿತ್ತು. ಸ್ವಿಚ್ಚನ್ನು ಬಿಟ್ಟು ನೇರವಾಗಿ ಯಂತ್ರಕ್ಕೇ ಒಂದು ವೈರು ಎಳೆದ. ಫ್ಯೂಸು ಢಬ್ ಎಂದಿತು. ಆಗ ಕಿಟಕಿ ಗಾಜು ಇಳಿಸುವ ಫ್ಯೂಸನ್ನು ಕಿತ್ತು ಅಲ್ಲಿಗೆ ಸಿಕ್ಕಿಸಿದ.

"ಏಸಿ ಇರೋವಾಗ ಕಿಟಕಿ ಯಾಕ್ ಸಾರ್ ಇಳಿಸ್ತೀರಾ?"

ಗುಮಾಸ್ತನ ಹೆಂಡತಿ ಬಾಗಿಲಿಗೆ ಬಂದು, "ರೀ, ಒಂದು ಮಾತು, ದೊಡ್ಡಮ್ಮನಿಗೆ..." ಎಂದಳು. ಮೂವರೂ ಒಟ್ಟಿಗೆ ಕೈಯೆತ್ತಿ ಅವಳನ್ನು ಸುಮ್ಮನಿರಿಸಿದರು. ಅವಳು ಒಳಗಿಂದ ಒಂದು ಉಣ್ಣೆಯ ಶಾಲು ತಂದು ಹಿಂದಿನ ಸೀಟಿನ ಮೇಲೆ ಎಸೆದು ಹೋದಳು.

ಎಂಜಿನ್ನು ಶುರುವಾದದ್ದೇ ತಡ, ಹಿಮ ತೂರಿದಂತೆ ಗಾಳಿ ಬಂತು. ಮೇಷ್ಟ್ರ ಕನ್ನಡಕಕ್ಕೆ ಮಂಜು ಕಟ್ಟಿತು. ಗುಮಾಸ್ತ ಇಬ್ಬರಿಗೂ ಕೈಮುಗಿದು, ಮದುಮಗನಂತೆ ಆಸ್ಪತ್ರೆಗೆ ಹೊರಟ.

ದೊಡ್ಡಮ್ಮ ಕಾರು ಹತ್ತಿ, ಗೇಟು ದಾಟುವುದರೊಳಗೆ ಕೆಮ್ಮತೊಡಗಿದರು. "ಇದನ್ನ ಆರಿಸೋ."

ಗುಮಾಸ್ತ ಸ್ವಿಚ್ಚು ಒತ್ತಿದ. ಆರಲಿಲ್ಲ. ಗಾಳಿ ಕಡಿಮೆ ಮಾಡಲು ಹೋದ; ತಿರುಪು ಮೇಷ್ಟ್ರ ಜೇಬಿನಲ್ಲಿತ್ತು. ಗಾಜು ಇಳಿಸಲು ನೋಡಿದ. ಗಾಜು ಅಲುಗಲಿಲ್ಲ. ಕೊನೆಗೆ ಕಾರನ್ನೇ ನಿಲ್ಲಿಸಿದ.

"ಎದೆಯಲ್ಲಿ ಕಫ ಕಟ್ಟಿದೆ, ತಣ್ಣನೆ ಗಾಳಿ ತಾಗಬಾರದು ಅಂದಿದಾರೆ ಡಾಕ್ಟ್ರು," ಎಂದರು ದೊಡ್ಡಮ್ಮ, ಕೆಳಗಿಳಿದು ಉಸಿರು ಸುಧಾರಿಸಿಕೊಳ್ಳುತ್ತ. "ನಿಮ್ಮಣ್ಣನ ಕಾರಿನ ಚಳಿಗೆ ಹೆದರಿ ನಿನ್ನ ಕರೆದೆ ಮಗಾ. ನಿನ್ನದು ಬೆಚ್ಚಗಿತ್ತಲ್ಲೋ."

ಹಿಂದಿನಿಂದ ಹಾರ್ನ್ ಕೇಳಿಸಿತು. ಅಣ್ಣ. ದೊಡ್ಡ ಕಾರಿನಿಂದ ಬೆವರಿನಲ್ಲಿ ತೊಯ್ದು ಇಳಿದ. ಮನಸ್ಸು ತಡೆಯದೆ ಬಂದೆ ಎಂದ. ಆದರೆ ಹತ್ತಿಸಿಕೊಳ್ಳಲು ನಾಚಿಕೆಯಾಗುತ್ತದೆ. ಬೆಳಿಗ್ಗೆಯಿಂದ ಏಸಿ ಕೆಟ್ಟು ಬರೀ ಬಿಸಿಗಾಳಿ ಬರುತ್ತಿದೆ ಎಂದ.

ದೊಡ್ಡಮ್ಮನ ಮುಖ ಅರಳಿತು. "ರಿಪೇರಿ ಮಾಡಿಸ್ಬೇಡ ಕಣೋ," ಎನ್ನುತ್ತ ಹೋಗಿ ಹತ್ತಿ ಕೂತರು.

ಗುಮಾಸ್ತ ಉರಿಬಿಸಿಲಿನಲ್ಲಿ ಉಣ್ಣೆಯ ಶಾಲು ಹೊದ್ದು, ಹಲ್ಲು ಕಟಕಟಿಸುತ್ತ ಅದೇ ಕಾರಿನಲ್ಲಿ ಒಬ್ಬನೇ ಮನೆಗೆ ಬಂದ. ಮೇಷ್ಟ್ರೂ ಮಿಕ್ಸಿಯವನೂ ಗೇಟಿನಲ್ಲೇ ಕಾಯುತ್ತಿದ್ದರು.

"ಏನಪ್ಪ, ದೊಡ್ಡಮ್ಮನಿಗೆ ಹಿಡಿಸ್ತಾ?" ಎಂದರು ಮೇಷ್ಟ್ರು.

ಗುಮಾಸ್ತ ಜೋರಾಗಿ ಒಂದು ಸೀನು ಸೀನಿ, ತಿರುಪು ಕೊಡಿ ಎಂದು ಕೈ ಚಾಚಿದ.