ಮೂರನೆಯ ಸಿಲಿಂಡರಿನ ನೋವು

ಎಂಜಿನ್ನು ಸ್ಟಾರ್ಟ್ ಆಗಿದ್ದೇ ತಪ್ಪಾಯಿತು. ಆಗದೇ ಇದ್ದಿದ್ದರೆ ಗಣಿತದ ಮೇಷ್ಟ್ರು ಒಬ್ಬರೇ ಕೂತು ತಲೆ ಕೆರೆದುಕೊಂಡು ಏನಾದರೂ ಮಾಡಿಕೊಳ್ಳುತ್ತಿದ್ದರು. ಆರು ತಿಂಗಳ ಭಾನುವಾರಗಳನ್ನೆಲ್ಲ ಸುರಿದು, ಪುಸ್ತಕ ನೋಡಿ ನೋಡಿ ಬಿಚ್ಚಿ ಜೋಡಿಸಿದ ಎಂಜಿನ್ನು ಅದು. ಬೆಳಗ್ಗೆ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಮೇಷ್ಟ್ರು ಹಿಗ್ಗುವಷ್ಟರಲ್ಲಿ ಬಾನೆಟ್ಟಿನೊಳಗಿಂದ 'ಟಕ್ ಟಕ್ ಟಕ್' ಎಂದು ಶಬ್ದ ಬಂತು. ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು.

ಕೆಟ್ಟು ಮೂಲೆಗೆ ಬಿದ್ದಿದ್ದ ಆ ಕಾರು ಮಾವನವರದು. "ಸಂಜೆ ಐದರ ರೈಲಿಗೆ ಬರ್ತೀನಿ. ನನ್ನ ಕಾರಲ್ಲೇ ಬಂದು ಕರ್ಕೊಂಡು ಹೋದ್ರೆ ಅದು ನಿಮ್ಮದು ಅಳಿಯಂದ್ರೇ. ಇಲ್ದಿದ್ರೆ ಚಿಕ್ಕಳಿಯಂದ್ರಿಗೆ" ಎಂದು ಅವರು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು. ಷಡ್ಡಕನಿಗೆ ಪಂಕ್ಚರ್ ಆದ ಚಕ್ರ ಯಾವುದೆಂದು ಕೂಡ ಬೇರೆಯವರೇ ತೋರಿಸಬೇಕು. ಅಂಥವನ ಪಾಲಿಗೆ ತನ್ನ ಆರು ತಿಂಗಳ ಬೆವರು ಹೋಗುವುದನ್ನು ನೆನೆದರೆ ಮೇಷ್ಟ್ರ ಹೊಟ್ಟೆ ಉರಿಯುತ್ತಿತ್ತು.

ಮೊದಲು ಬಂದವರು ಪಕ್ಕದ ಮನೆಯ ಲೈಬ್ರರಿ ತಾತ. ನಿವೃತ್ತರಾದರೂ ಕೈ ಸುಮ್ಮನಿರದು.

"ರಾಡ್ ಬೇರಿಂಗ್ ಹೋಗಿದೆ" ಎಂದರು.

"ನಿಮಗೆ ಹೇಗೆ ಗೊತ್ತು ತಾತ?"

"ಎಂಜಿನ್ ಪುಸ್ತಕಗಳನ್ನ ಮೂವತ್ತು ವರ್ಷ ಜೋಡಿಸಿಟ್ಟವನು ಕಣಯ್ಯಾ ನಾನು!" ಓದಿದ್ದೀರಾ ಎಂದು ಯಾರೂ ಕೇಳಲಿಲ್ಲ.

ಹಿಂದೆಯೇ ಎದುರುಮನೆಯ ಹಲ್ಲಿನ ಡಾಕ್ಟರು ಕೊರಳಿಗೆ ಸ್ಟೆತಸ್ಕೋಪು ಹಾಕಿಕೊಂಡು ಬಂದರು. ಬೇರಿಂಗೆಂದರೆ ಪಿಸ್ಟನ್ನಿನ ರಾಡು ತಿರುಗುವ ಕಡೆ ಕೂರುವ ತೆಳ್ಳನೆಯ ಲೋಹದ ಪಟ್ಟಿ, ಅದು ಸವೆದರೆ ಎಂಜಿನ್ನಿನ ಕತೆ ಮುಗಿದಂತೆ ಎಂದು ಮೇಷ್ಟ್ರು ವಿವರಿಸಿದರು. "ಅಂದ್ರೆ ಒಸಡಿನ ಸಮಸ್ಯೆ" ಎಂದರು ಡಾಕ್ಟರು.

ಮೇಷ್ಟ್ರ ಹೆಂಡತಿ ಕಿಟಕಿಯಿಂದಲೇ ಕೂಗಿದಳು: "ರೀ, ಹಾಗೇ ಓಡಿಸ್ಕೊಂಡು ಹೋಗ್ರೀ! ಅಪ್ಪನ ಕಾಲದಲ್ಲೂ ಅದು ಹಾಗೇ ಬಡ್ಕೋತಿತ್ತು."

"ಇದು ಎಂಜಿನ್ ವಿಷಯಮ್ಮಾ" ಎಂದು ತಾತ ಅವಳ ಬಾಯಿ ಮುಚ್ಚಿಸಿದರು.

ಪುಸ್ತಕದಲ್ಲಿ ಒಂದು ಪರೀಕ್ಷೆಯಿತ್ತು. ಓಡುವ ಎಂಜಿನ್ನಿನಲ್ಲಿ ಒಂದೊಂದೇ ಪ್ಲಗ್ಗಿನ ವೈರು ಕೀಳಬೇಕು; ಯಾವುದನ್ನು ಕಿತ್ತಾಗ ಶಬ್ದ ತಗ್ಗುತ್ತದೋ ಆ ಸಿಲಿಂಡರಿನ ಬೇರಿಂಗು ಕೆಟ್ಟಿದೆ. ಮೇಷ್ಟ್ರು ಮೊದಲನೆಯದನ್ನು ಕಿತ್ತರು. ಟಕ್ ಟಕ್. ಎರಡನೆಯದನ್ನು ಕಿತ್ತರು. ಟಕ್ ಟಕ್. ಮೂರನೆಯದಕ್ಕೆ ಕೈ ಹಾಕುವಾಗ ಡಾಕ್ಟರು ಸರಿಯಾಗಿ ಕೇಳಿಸಿಕೊಳ್ಳಲೆಂದು, ಬಾನೆಟ್ಟಿನೊಳಗಿನ ಗೋಡೆಗೆ ಸಿಕ್ಕಿಸಿದ್ದ, ಕಾರೆತ್ತುವ ಜ್ಯಾಕಿನ ಹಿಡಿಕೆಯನ್ನು ಆಸರೆಗೆ ಗಟ್ಟಿಯಾಗಿ ಹಿಡಿದು ಒಳಕ್ಕೆ ಬಾಗಿದರು. ಶಬ್ದ ಗಪ್ಪನೆ ನಿಂತಿತು.

"ಮೂರನೇದೇ! ಕಿತ್ತುಬಿಡಿ!" ಎಂದರು ಡಾಕ್ಟರು. ಇಪ್ಪತ್ತು ವರ್ಷಗಳಿಂದ ಅವರು ಯಾರಿಗೂ ಬೇರೆ ಸಲಹೆ ಕೊಟ್ಟಿರಲಿಲ್ಲ.

ಮೇಷ್ಟ್ರು ಕಾರಿನ ಕೆಳಗೆ ನುಸುಳಿದರು. ಆಯಿಲ್ ಬಸಿದು, ತಳದ ತಟ್ಟೆ ಇಳಿಸಿ, ಇರಲಿ ಎಂದು ಬೇರಿಂಗನ್ನು ಹಿಡಿದಿಡುವ ನಾಲ್ಕು ರಾಡುಗಳ ಕ್ಯಾಪುಗಳನ್ನೂ ಬಿಚ್ಚಿದರು. ಒಂದರ ಕ್ಯಾಪು ಇನ್ನೊಂದಕ್ಕೆ ಹೋಗಕೂಡದು; ಹೋದರೆ ಒಳ್ಳೆಯ ಬೇರಿಂಗೂ ಕೆಡುತ್ತದೆ. ಅದಕ್ಕೇ ಒಂದೊಂದರ ಮೇಲೂ ಮಾರ್ಕರ್ ಪೆನ್ನಿನಲ್ಲಿ ನಂಬರು ಬರೆದು ಹೊರಗೆ ದಾಟಿಸಿದರು. ಬೇರಿಂಗುಗಳನ್ನು ನೋಡಿದರೆ ನಾಲ್ಕೂ ಫಳಫಳ ಹೊಳೆಯುತ್ತಿವೆ, ಒಂದು ಗೀರೂ ಇಲ್ಲ.

"ಒಳಗೊಳಗೇ ಹುಳುಕಾಗಿರತ್ತೆ, ಹೊರಗೆ ಕಾಣಲ್ಲ" ಎಂದು ಡಾಕ್ಟರು ಸಮಾಧಾನ ಹೇಳಿದರು. ಮೇಷ್ಟ್ರು ಮೂರನೆಯದಕ್ಕೆ ಹೊಸ ಬೇರಿಂಗು ಕೂರಿಸಿ ಕೈ ಚಾಚಿದರು.

"ತಾತ, ಒಂದನೇ ನಂಬರ್ ಕ್ಯಾಪು ಕೊಡಿ."

"ನಂಬರ್ ಎಲ್ಲಿದೆ? ಯಾರೋ ಪೆನ್ನಲ್ಲಿ ಗೀಚಿದ್ರು, ಸೀಮೆಎಣ್ಣೆಯಲ್ಲಿ ಉಜ್ಜಿ ಉಜ್ಜಿ ತೆಗೆದೆ. ಈ ಗೀಚೋ ಚಾಳಿ ಕಂಡ್ರೆ ನಂಗಾಗಲ್ಲ ನೋಡು. ಈಗ ಹೊಳಪಿನ ಪ್ರಕಾರ ಸಾಲಾಗಿ ಇಟ್ಟಿದ್ದೀನಿ."

ನಾಲ್ಕು ವಸ್ತುಗಳನ್ನು ಇಪ್ಪತ್ತನಾಲ್ಕು ರೀತಿಯಲ್ಲಿ ಜೋಡಿಸಬಹುದೆಂದು ಮೇಷ್ಟ್ರು ಮಕ್ಕಳಿಗೆ ವರ್ಷವೂ ಪಾಠ ಮಾಡುತ್ತಿದ್ದರು. ಅದರಲ್ಲಿ ಸರಿಯಾದದ್ದು ಒಂದೇ ಒಂದು ಎಂಬುದು ಅವರ ಮನಸ್ಸಿಗೆ ತಟ್ಟಿದ್ದು ಅವತ್ತೇ. ಆಗಲೇ ಮೂರು ಗಂಟೆ ದಾಟಿತ್ತು. ಕಣ್ಣು ಮುಚ್ಚಿ ಜೋಡಿಸಿ, ತಟ್ಟೆ ಕೂರಿಸಿ, ಆಯಿಲ್ ತುಂಬಿದರು. ತಾತ ಕೈ ಒರೆಸಿದ ಬಟ್ಟೆಯನ್ನು ಜ್ಯಾಕಿನ ಹಿಡಿಕೆಯ ಸಂದಿಗೆ ತುರುಕಿ ಬಾನೆಟ್ಟು ಮುಚ್ಚಿದರು.

ಕೀಲಿ ತಿರುಗಿಸಿದರೆ, ಶಬ್ದವೇ ಇಲ್ಲ! ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಮೇಷ್ಟ್ರು ಹೆಂಡತಿಯನ್ನು ಹತ್ತಿಸಿಕೊಂಡು ಮದುವಣಿಗನ ಹಾಗೆ ಹೊರಟರು. ಎರಡನೆಯ ತಿರುವಿನಲ್ಲಿ ಎಂಜಿನ್ನು ಗಡಗಡ ಎಂದು ನರಳಿ, ಒಮ್ಮೆ ಕೊಸರಾಡಿ, ನಿಂತೇಹೋಯಿತು. ಹಿಂದಿನಿಂದ ಡಾಕ್ಟರೂ ತಾತನೂ ಓಡಿಬಂದರು.

ಐದೂವರೆಗೆ ಮಾವನವರು ಬಾಡಿಗೆ ಗಾಡಿಯಲ್ಲಿ ಅಲ್ಲಿಗೇ ಬಂದಿಳಿದರು. ಬಾನೆಟ್ಟು ಎತ್ತಿ ಬಟ್ಟೆಯನ್ನು ಎಳೆದು ನೋಡಿದರು.

"ಭೇಷ್ ಅಳಿಯಂದ್ರೇ! ಈ ಜ್ಯಾಕಿನ ಹಿಡಿಕೆ ಟಕ್ ಟಕ್ ಅಂತ ಬಡ್ಕೊಂಡು ಇಷ್ಟು ವರ್ಷ ನನ್ನ ತಲೆ ತಿಂತಿತ್ತು. ಒಂದು ಚಿಂದಿ ಬಟ್ಟೆ ಸಾಕು ಅಂತ ನಂಗೆ ಹೊಳೀಲೇ ಇಲ್ಲ." ಆಮೇಲೆ ಕೀಲಿ ತಿರುಗಿಸಿ ಕಿವಿಗೊಟ್ಟರು. "ಆದ್ರೆ ಬೇರಿಂಗ್ ಹೋಗಿದೆಯಲ್ರೀ!"

"ಬೆಳಗ್ಗೆನೇ ಹೇಳಿದ್ವಲ್ಲ!" ಎಂದು ಡಾಕ್ಟರೂ ತಾತನೂ ಒಂದೇ ಉಸಿರಿಗೆ ಕೂಗಿ ಕೈ ಕುಲುಕಿಕೊಂಡರು.

ಮೇಷ್ಟ್ರಿಗೆ ಅಳು ಬಂತು. "ಹಾಗಾದ್ರೆ ಕಾರು ಚಿಕ್ಕಳಿಯಂದ್ರಿಗೇ ಅಲ್ವಾ ಮಾವ?"

"ಛೇ, ಓಡದ ಕಾರು ಕೊಟ್ಟು ಅವರಿಗೆ ಅವಮಾನ ಮಾಡ್ಲಾ? ನಿಮ್ಮದೇ ಇರ್ಲಿ, ನಿಮಗೆ ಅಭ್ಯಾಸ ಆಗಿದೆ."

ಕಾರನ್ನು ಮನೆಗೆ ತಳ್ಳುವ ಮಾತು ಬಂದದ್ದೇ ತಡ, ಡಾಕ್ಟರಿಗೆ ರೋಗಿಯೊಬ್ಬರ ನೆನಪಾಯಿತು, ತಾತನಿಗೆ ಬೆನ್ನು ಹಿಡಿದುಕೊಂಡಿತು. ಹೆಂಡತಿ ಸ್ಟಿಯರಿಂಗ್ ಹಿಡಿದಳು, ಮಾವನವರು ಹಿಂದಿನ ಸೀಟಿನಲ್ಲಿ ಕಾಲು ಚಾಚಿದರು. ಮೇಷ್ಟ್ರು ಒಬ್ಬರೇ ತಳ್ಳತೊಡಗಿದರು. ಬಟ್ಟೆ ಕಿತ್ತ ಜ್ಯಾಕಿನ ಹಿಡಿಕೆ ಮನೆಯವರೆಗೂ ಟಕ್ ಟಕ್ ಎನ್ನುತ್ತಿತ್ತು.