ಕಮಲಾಪುರದ ಸಕ್ಕರೆಯೂ ನನ್ನ ನೂರು ವರ್ಷವೂ

ನಾನು ನೂರು ವರ್ಷ ಬದುಕುವುದೆಂದು ತೀರ್ಮಾನಿಸಿದೆ. ನೂರಕ್ಕೆ ಒಂದು ದಿನವೂ ಕಡಿಮೆಯಿಲ್ಲ! ನಿಜಾಮ ಸರಕಾರದ ಕಚೇರಿಯಲ್ಲಿ ಹದಿನಾರು ವರ್ಷ ಕಂಡವರ ಅರ್ಜಿಗಳನ್ನೆಲ್ಲ ನಕಲು ಮಾಡಿ ನನ್ನ ಬೆನ್ನು ಬಾಗಿತ್ತೇ ಹೊರತು ಛಲ ಬಾಗಿರಲಿಲ್ಲ. ತಹಸೀಲ್ದಾರರು ಬದಲಾಗುತ್ತಾರೆ, ಕಚೇರಿಯ ಮೊಹರು ಬದಲಾಗುತ್ತದೆ, ಬ್ರಹ್ಮಪುರದ ಜಗದೇವಪ್ಪ ಮಾತ್ರ ಇದ್ದಲ್ಲೇ ಇರುತ್ತಾನೆ ಎಂದು ಒಂದು ಬೆಳಿಗ್ಗೆ ಅಂಗಳದಲ್ಲಿ ನಿಂತು ಘೋಷಿಸಿದೆ.

ನನ್ನ ಹೆಂಡತಿ ಶಿವಕಾಂತಮ್ಮ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ನೀವು ನೂರು ವರ್ಷ ಇರ್ತೀರಿ, ಖರೆ. ನಾ ಎಷ್ಟು ವರ್ಷ ಇರಬೇಕಂತ ಮಾಡೀರಿ?"

"ನೀನೂ ನೂರು ಇರು. ಯಾರು ಬ್ಯಾಡ ಅಂದಾರ?"

"ನಾನ ಬ್ಯಾಡ ಅಂತೀನ್ರಿ. ನಿಮ್ಮ ಜೋಡಿ ಐವತ್ತಕ್ಕ ಸಾಕು."

ಇಂಥ ಮಾತಿಗೆಲ್ಲ ಹಿಂಜರಿಯುವವನು ನಾನಲ್ಲ. ಸೀದಾ ಹಕೀಮ ಕರೀಂಸಾಬರಲ್ಲಿಗೆ ಹೋಗಿ ಕೈ ಚಾಚಿದೆ. ಅವರು ಕಣ್ಣು ಮುಚ್ಚಿ ನಾಡಿ ಹಿಡಿದರು, ಗಡ್ಡ ಸವರಿದರು, ಕಣ್ಣು ತೆರೆದರು.

"ನಿಮಗ ಏನೂ ಬೇಮಾರಿ ಇಲ್ರಿ, ಜಗದೇವಪ್ಪ. ಮನೀಗಿ ಹೋಗ್ರಿ."

ನನಗೆ ಬಹಳ ಬೇಜಾರಾಯಿತು. ಅಷ್ಟು ದೂರ ಬಿಸಿಲಲ್ಲಿ ನಡೆದುಬಂದವನಿಗೆ ಒಂದು ಸಣ್ಣ ಬೇನೆಯಾದರೂ ಸಿಗಬಾರದೇ?

"ಬೇಮಾರಿ ಇಲ್ಲ, ಮುಂದನೂ ಬರಬಾರ್ದು. ಅದಕ್ಕೊಂದು ದವಾ ಹೇಳ್ರಿ, ಹಕೀಂಸಾಬ್."

"ಬರದೇ ಇರೋ ಬೇಮಾರಿಗಿ ದವಾನಾ?" ಎಂದು ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಹಿಂದೆ ಆರು ಜನ ಕೆಮ್ಮುತ್ತ ಕಾದಿದ್ದರು. ಪೀಡೆ ತೊಲಗಲೆಂದೇ ಹೇಳಿದರೋ ಏನೋ, "ನಲವತ್ತು ದಿನ ಮುಂಜಾನಿ ಬೇವಿನ ಚಿಗುರು, ನೆನಿ ಹಾಕಿದ ಮೆಂತ್ಯ. ಊಟ ಅರ್ಧ ಹೊಟ್ಟಿ. ಬೆಲ್ಲ ಸಕ್ಕರಿ ಮುಟ್ಟಬ್ಯಾಡ್ರಿ. ನಡುವ ಒಂದು ದಿನ ತಪ್ಪಿದ್ರ ಫಿರ್ ಒಂದರಿಂದ ಶುರು," ಎಂದರು.

ಒಂದರಿಂದ ಶುರು! ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು.

ನಾನೊಬ್ಬನೇ ನೂರು ವರ್ಷ ಬದುಕುವುದು ಸ್ವಾರ್ಥವೆನಿಸಿ ಇಡೀ ಮನೆಗೆ ಬೇವು ತಿನ್ನಿಸತೊಡಗಿದೆ. ಶಿವಕಾಂತಮ್ಮ ತನ್ನ ಪಾಲನ್ನು ನನ್ನೆದುರಿಗೇ ಆಕಳ ಮುಂದೆ ಹಾಕಿದಳು. ಆಕಳೂ ಮೂತಿ ತಿರುವಿತು. ಎದುರು ಮಾತಾಡದೆ ತಿಂದವನು ನನ್ನ ತಮ್ಮ ಗುಂಡಣ್ಣ ಒಬ್ಬನೇ. ಅಡತಿ ಅಂಗಡಿಯಲ್ಲಿ ಜೋಳ ತೂಗಿಸುವ ಕೆಲಸ ಅವನದು. ಅಪ್ಪ ಅವ್ವ ಹೋದಾಗಿನಿಂದ ನನ್ನ ಕೈಯಲ್ಲೇ ಬೆಳೆದವನು. ವಯಸ್ಸು ಇಪ್ಪತ್ತೇಳು ದಾಟಿದರೂ ಅವನಿಗೆ ಲಗ್ನ ಕೂಡಿಬಂದಿರಲಿಲ್ಲ.

ಯಾಕೆ ಕೂಡಿಬಂದಿರಲಿಲ್ಲ ಎಂದು ನನ್ನನ್ನು ಕೇಳಬೇಡಿ, ಶಿವಕಾಂತಮ್ಮನನ್ನು ಕೇಳಿ. ನನ್ನ ವ್ರತದ ಆರನೆಯ ದಿನ ಆಳಂದದಿಂದ ಹೆಣ್ಣಿನವರು ಬಂದಿದ್ದರು. ಬಂದವರಿಗೆ ಸಕ್ಕರೆ ಹಾಲು ಕೊಡುವುದು ರೂಢಿ. ಅವರ ಆರೋಗ್ಯದ ಕಾಳಜಿಯಿಂದ ನಾನೇ ಕೈಯಾರೆ ಬೇವಿನ ಕಷಾಯ ಕೊಟ್ಟೆ. ಹೋದವರು ತಿರುಗಿ ನೋಡಲಿಲ್ಲ. "ಇಷ್ಟು ಕಹಿ ಮನೀಗಿ ಹೆಣ್ಣು ಕೊಡಂಗಿಲ್ಲ ಅಂದ್ರಂತ," ಎಂದು ಶಿವಕಾಂತಮ್ಮ ಮೂರು ದಿನ ಪಾತ್ರೆಗಳನ್ನು ಸದ್ದು ಮಾಡಿ ಇಟ್ಟಳು. ಗುಂಡಣ್ಣ ಮಾತ್ರ "ಹೋಗ್ಲಿ ಬಿಡು ಅಣ್ಣಾ," ಎಂದು ಅಂಗಡಿಗೆ ಹೋದ.

ಅದಾದ ಮೇಲೆ ಅವನು ಒಮ್ಮೆ ಜೋಳ ತರಲು ಕಮಲಾಪುರಕ್ಕೆ ಹೋಗಿ ಬಂದ. ಮರುದಿನ ಬೇವಿನ ಚಿಗುರನ್ನು ಮುಖ ಕಿವಿಚದೆ ಅಗಿದ. ಅಷ್ಟೇ ಅಲ್ಲ, ಇನ್ನೊಂದು ಹಿಡಿ ಕೇಳಿದ.

"ಹುಡುಗ ಕೈ ಬಿಟ್ಟು ಹೋಗ್ಯಾನ್ರಿ," ಎಂದಳು ಶಿವಕಾಂತಮ್ಮ. ಪಕ್ಕಕ್ಕೆ ಕೂರಿಸಿಕೊಂಡು ವಿಚಾರಿಸಿದಳು. ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟವಿದ್ದ ದೌಲಪ್ಪ ಎಂಬವರ ಮನೆಯಲ್ಲಿ ನೀರು ಕುಡಿದನಂತೆ. ನೀರು ಕೊಟ್ಟವಳು ಅವರ ಮಗಳು ಲಲಿತಾಬಾಯಿ. ಅವನು ಮೂರು ಚೆಂಬು ನೀರು ಕುಡಿದಿದ್ದ.

"ವೈನಿ, ಇದೊಂದು ಆಗಲಿಲ್ಲಂದ್ರ ನನಗ ಲಗ್ನನ ಬ್ಯಾಡ," ಎಂದನಂತೆ. ಜೀವಮಾನದಲ್ಲಿ ಅವನು ತನಗಾಗಿ ಕೇಳಿದ್ದು ಅದೊಂದೇ.

ಮಾತುಕತೆ ಚೆನ್ನಾಗಿಯೇ ನಡೆಯಿತು. ಸಕ್ಕರೆ ತಿನ್ನುವ ದಿನವೂ ಗೊತ್ತಾಯಿತು. ನಮ್ಮ ಕಡೆ ಹೆಣ್ಣಿನ ಹಿರಿಯ ಗಂಡಿನ ಹಿರಿಯನ ಬಾಯಿಗೆ ಸಕ್ಕರೆ ಹಾಕಿದರೆ ಲಗ್ನ ಗಟ್ಟಿಯಾದಂತೆ. ಸಕ್ಕರೆ ಬೇಡವೆಂದರೆ ಹೆಣ್ಣೇ ಬೇಡವೆಂದಂತೆ. ಬೆರಳು ಮಡಚಿ ಎಣಿಸಿದೆ. ಅಂದಿಗೆ ನನ್ನ ವ್ರತಕ್ಕೆ ಮೂವತ್ತೊಂಬತ್ತನೆಯ ದಿನ!

"ಇನ್ನೆರಡು ದಿನ ಮುಂದಕ್ಕ ಹಾಕ್ಸು," ಎಂದೆ. "ಮೂವತ್ತೆಂಟು ದಿನ ಬೇವು ತಿಂದದ್ದು ನೀರಾಗ ಹೋಮ ಮಾಡಿದಂಗ ಆಗ್ತದ."

"ಅವನ ಲಗ್ನಕ್ಕಿಂತ ನಿಮ್ಮ ಬೇವು ಹೆಚ್ಚಾತೇನ್ರಿ? ಮುಹೂರ್ತ ಹಕೀಮರನ್ನ ಕೇಳಿ ಇಡಬೇಕಿತ್ತಾ?"

ಗುಂಡಣ್ಣ ನನ್ನ ಮುಖ ನೋಡಿದ. ನನಗೇ ನಾಚಿಕೆಯಾಗಿ "ತಿಂತೀನಪಾ, ತಿಂತೀನಿ," ಎಂದುಬಿಟ್ಟೆ.

ಆದರೆ ಕಮಲಾಪುರಕ್ಕೆ ಹೋಗುವ ಹುಮನಾಬಾದ್ ದಾರಿ ಉದ್ದ, ಎತ್ತಿನ ಬಂಡಿ ನಿಧಾನ, ನನ್ನ ತಲೆಯೋ ಸರಕಾರಿ ತಲೆ. ದಾರಿಯಲ್ಲೇ ಒಂದು ಮಹತ್ತರ ಯೋಚನೆ ಹೊಳೆಯಿತು. ಬಾಯಿಗೆ ಹೋದದ್ದೆಲ್ಲ ಹೊಟ್ಟೆಗೆ ಹೋಗಲೇಬೇಕೆಂದು ಯಾವ ಕಾನೂನಿನಲ್ಲಿದೆ? ಸಕ್ಕರೆಯನ್ನು ದವಡೆಯಲ್ಲಿಟ್ಟುಕೊಂಡು ಹಿತ್ತಲಲ್ಲಿ ಉಗುಳಿದರೆ ಲಗ್ನವೂ ಉಳಿಯಿತು, ವ್ರತವೂ ಉಳಿಯಿತು!

ಮರುದಿನ ಮುಂಜಾನೆ ದೌಲಪ್ಪನವರ ಪಡಸಾಲೆಯಲ್ಲಿ ಹಿರಿಯರೆಲ್ಲ ಕೂತರು. ನಾನು ಚಿಟಿಕೆ ಸಕ್ಕರೆಯ ಲೆಕ್ಕದಲ್ಲಿದ್ದೆ. ದೌಲಪ್ಪ ಧಾರಾಳ ಮನುಷ್ಯ, ಒಂದು ಮುಷ್ಟಿ ತುಂಬಿದರು. ನನ್ನ ಎರಡೂ ಕೆನ್ನೆ ಉಬ್ಬಿದವು.

"ಲಗ್ನ ವೈಶಾಖದಾಗ ಇಟ್ಕೊಳ್ಳೋಣಲ್ರಿ, ಬೀಗರ?"

"ಮ್."

"ಹುಡುಗಿ ಮನಸಿಗಿ ಬಂದಾಳಲ್ರಿ?"

"ಮ್ ಮ್."

"ಮಂದಿ ಎಷ್ಟು ಬರ್ತೀರಿ?"

ಇದಕ್ಕೆ 'ಮ್' ಸಾಲದು. ಅಷ್ಟರಲ್ಲಿ ಸಕ್ಕರೆ ಕರಗಿ ಗಂಟಲಿಗೆ ಇಳಿಯತೊಡಗಿತ್ತು. ಕಿರುಬೆರಳು ತೋರಿಸಿ ಹಿತ್ತಲಿಗೆ ಓಡಿ, ಬಾಳೆ ಗಿಡದ ಬುಡಕ್ಕೆ ಎಲ್ಲವನ್ನೂ ಉಗುಳಿ ಬಾಯಿ ಮುಕ್ಕಳಿಸಿದೆ. ನಿಟ್ಟುಸಿರು ಬಿಟ್ಟು ತಿರುಗಿದರೆ ಎದುರಿಗೆ ದೌಲಪ್ಪನವರ ತಾಯಿ ಭೀಮಬಾಯಿ! ತನ್ನ ವಯಸ್ಸು ತನಗೇ ಗೊತ್ತಿಲ್ಲದ ಮುದುಕಿ, ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು.

"ನಮ್ಮ ಮನಿ ಸಕ್ಕರಿ ಉಗುಳಿದ್ಯಾ?"

"ಹಂಗಲ್ಲ ಆಯಿ, ಔಷಧಿ ನಡದದ. ಸಿಹಿ ತಿನ್ನಬಾರ್ದು."

"ಏನು ಬೇನಿ ಅದ ನಿನಗ?"

"ಏನೂ ಇಲ್ಲ ಆಯಿ. ಗುಂಡಕಲ್ಲು ಇದ್ದಂಗ ಅದೀನಿ."

"ಬೇನಿ ಇಲ್ದವ ಔಷಧಿ ಯಾಕ ತಗೋತಾನ?"

ಮುದುಕಿ ಕೊಡ ಇಳಿಸಿ ಒಳಗೆ ನಡೆದಳು. ನಾನು ಪಡಸಾಲೆ ಮುಟ್ಟುವುದರೊಳಗೆ ಸುದ್ದಿ ಬೆಳೆದು ನಿಂತಿತ್ತು. ಗಂಡಿನ ಅಣ್ಣನಿಗೆ ಹೇಳಬಾರದ ರೋಗವಿದೆ, ಸಕ್ಕರೆ ಮುಟ್ಟಿದರೆ ಸಾಯುತ್ತಾನೆ, ಅಣ್ಣನಿಗಿದ್ದದ್ದು ತಮ್ಮನಿಗೂ ಇರಲೇಬೇಕು. ಸಕ್ಕರೆಯ ತಾಟು ಒಳಗೆ ಹೋಯಿತು.

"ರೋಗ ಮುಚ್ಚಿಟ್ಟು ನಮ್ಮ ಹುಡುಗೀನ್ನ ಬಾವ್ಯಾಗ ನೂಕಾಕ ಬಂದಿರೇನು?" ಎಂದರು ದೌಲಪ್ಪ.

ಗುಂಡಣ್ಣ ಗೋಡೆಗೆ ಒರಗಿ ಕೂತುಬಿಟ್ಟ. ಇಪ್ಪತ್ತು ವರ್ಷ ಸಾಕಿದ ಕೈಯಿಂದಲೇ ಅವನ ಬಾಳಿಗೆ ಮಣ್ಣು ಹಾಕಿದ್ದೆನಲ್ಲ!

"ನನಗ ರೋಗ ಇಲ್ರಿ," ಎಂದು ಕೂಗಿದೆ. "ಬೇಕಾದ್ರ ಪರೀಕ್ಷಾ ಮಾಡ್ರಿ."

"ಉಂಡು ತೋರ್ಸು," ಎಂದಳು ಭೀಮಬಾಯಿ.

ತಾಟಿನಲ್ಲಿ ಹೋಳಿಗೆ ಬಂತು, ಮೇಲೆ ತುಪ್ಪ, ಪಕ್ಕಕ್ಕೆ ಕೆಂಪು ಬಾಳೆಹಣ್ಣು. ವ್ರತ ಹಾಳಾಗಿ ಹೋಗಲಿ ಎಂದು ಕೈ ಹಾಕಿದೆ. ಸುಳ್ಳೇಕೆ ಹೇಳಲಿ, ಮೊದಲ ನಾಲ್ಕು ಹೋಳಿಗೆ ತಮ್ಮನಿಗಾಗಿ ತಿಂದೆ. ಉಳಿದ ಎಂಟು ನನಗಾಗಿಯೇ ತಿಂದೆ. ಮೂವತ್ತೆಂಟು ದಿನದ ಹಸಿವು!

"ಸಾಕ್ರಿ," ಎಂದು ಶಿವಕಾಂತಮ್ಮ ಹಿಂದಿನಿಂದ ಅಂಗಿ ಜಗ್ಗಿದಳು.

"ಅವರಿಗಿನ್ನೂ ನಂಬಿಕಿ ಬಂದಂಗಿಲ್ಲ," ಎಂದು ಏಳು ಬಾಳೆಹಣ್ಣು ಮುಗಿಸಿದೆ.

ಅರ್ಧ ತಾಸಿನಲ್ಲಿ ಹೊಟ್ಟೆ ತಿರುಗಿಬಿತ್ತು. ನೂರು ವರ್ಷ ಬೇಡಿದ್ದ ಮಹಾಪುರುಷ, ಇವತ್ತಿನ ಸಂಜೆ ಕಂಡರೆ ಸಾಕಪ್ಪಾ ಶರಣಬಸವಾ ಎಂದು ಪಡಸಾಲೆಯಲ್ಲಿ ಉರುಳಾಡಿದೆ. ಮಧ್ಯಾಹ್ನವಿಡೀ ಗುಂಡಣ್ಣ ನನ್ನ ಹೊಟ್ಟೆಗೆ ಹರಳೆಣ್ಣೆ ಸವರಿದ, ಹಿತ್ತಲಿಗೆ ಎತ್ತಿಕೊಂಡು ಹೋಗಿ ಎತ್ತಿಕೊಂಡು ಬಂದ, ನಾನು ಕಕ್ಕಿದ್ದನ್ನು ತನ್ನ ರುಮಾಲಿನಲ್ಲೇ ಒರೆಸಿದ. ನಾನು ನೋವಿಗೆ ಅವನನ್ನೇ ಬೈದೆ. ಅವನು ಬೈಸಿಕೊಳ್ಳುತ್ತಲೇ ಎಣ್ಣೆ ಸವರಿದ. ಭೀಮಬಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಭೀಮಬಾಯಿ ಓಂಕಾಳು, ಉಪ್ಪು ಕುಟ್ಟಿ ಬಿಸಿನೀರಿನಲ್ಲಿ ಕಲಸಿ ತಂದಳು. "ಹಿಡಿ. ಔಷಧಿ ಅಂದ್ರ ಬೇನಿ ಬಂದ ಮ್ಯಾಲ ತಗೊಳ್ಳೋದು."

ಸಂಜೆಗೆ ಸ್ವಲ್ಪ ಜೀವ ಬಂತು. ಆ ಸ್ಥಿತಿಯಲ್ಲೂ ನನ್ನ ಚಪಲ ನೋಡಿ, ಕೇಳಿಯೇಬಿಟ್ಟೆ: "ಆಯಿ, ಇಷ್ಟು ವರ್ಷ ಗಟ್ಟಿ ಇರಾಕ ನೀವು ಏನು ಮಾಡಿದ್ರಿ?"

"ಹಸದಾಗ ರೊಟ್ಟಿ ತಿಂದೆ, ನಿದ್ದಿ ಬಂದಾಗ ಮಲಗಿದೆ. ಉಳಿದ ಹೊತ್ತು ಕೆಲಸ ಇತ್ತು," ಎಂದು ಮುದುಕಿ ಎದ್ದು ಮಗನನ್ನು ಕರೆದಳು.

ಒಳಗಿನಿಂದ ಸಕ್ಕರೆಯ ತಾಟು ಮತ್ತೆ ಹೊರಬಂತು. ನಂಬಲಾಗಲಿಲ್ಲ! ಬಿದ್ದಲ್ಲಿಂದಲೇ ಬಾಯಿ ಅಗಲಿಸಿದೆ. ಭೀಮಬಾಯಿ ತಾಟು ಹಿಡಿದಿದ್ದ ಸೊಸೆಗೆ ಕಣ್ಸನ್ನೆ ಮಾಡಿದಳು. ಸಕ್ಕರೆ ನನ್ನನ್ನು ದಾಟಿ ಶಿವಕಾಂತಮ್ಮನ ಬಾಯಿಗೆ ಹೋಯಿತು.

ಇರಲಿ, ಲಗ್ನವಂತೂ ಗಟ್ಟಿಯಾಯಿತಲ್ಲ! ಗುಂಡಣ್ಣ ಎಣ್ಣೆ ಕೈಯಲ್ಲೇ ಕಣ್ಣೊರೆಸಿಕೊಂಡ. ನಾನು ಗೋಡೆ ಹಿಡಿದು ಎದ್ದು ಕೂತು, ಮೀಸೆ ಸರಿಮಾಡಿಕೊಂಡು ಹೇಳಿದೆ: "ನೋಡಿದ್ರಲ್ಲ ಆಯಿ, ಹನ್ನೆರಡು ಹೋಳಿಗಿ ತಿಂದೂ ಜೀವಂತ ಅದೀನಿ. ನಮ್ಮ ವಂಶ ಎಷ್ಟು ಗಟ್ಟಿ ಅಂತ ಈಗರ ಖಾತ್ರಿ ಆತಿಲ್ಲೋ?"

"ನಿನ್ನ ವಂಶ ಯಾರಿಗಿ ಬೇಕಾಗ್ಯಾದ?" ಎಂದಳು ಭೀಮಬಾಯಿ. "ನಮ್ಮ ಹುಡುಗಿ ಭಾಳ ಹಟಮಾರಿ, ಹೆಂಗ ಬಾಳ್ತದೋ ಅಂತ ಚಿಂತಿ ಇತ್ತು. ಇಪ್ಪತ್ತು ವರ್ಷ ನಿನ್ನಂಥವನ ಜೋಡಿ ಒಂದೇ ಮನ್ಯಾಗ ಬಾಳಿದವಗ ನಮ್ಮ ಹುಡುಗಿ ಏನು ಹೆಚ್ಚಿನಾಕಿ!"