ಪೊಲೀಸ್ ಠಾಣೆಯ ಚಾವಣಿಯಲ್ಲಿ ಹಾಡುವ ಸ್ಪೀಕರಿಗೆ

ಮಾನ್ಯರೇ,

ಠಾಣೆಯ ಚಾವಣಿಯಲ್ಲಿ ಫ್ಯಾನಿನ ಪಕ್ಕ ವಿರಾಜಮಾನರಾಗಿ, ಬೆಳಗಿನಿಂದ ಸಂಜೆಯವರೆಗೆ ನಮ್ಮ ತಲೆಯ ಮೇಲೆ ಸಂಗೀತ ಸುರಿಸುತ್ತಿರುವ ತಮಗೆ, ಸಾಕ್ಷಿಗಳು ಹೇಳಿದಂತೆ ಕಳ್ಳರ ಮುಖ ಬಿಡಿಸಿ ಹೊಟ್ಟೆ ಹೊರೆಯುವ ಚಿತ್ರಕಾರನ ದೊಡ್ಡ ನಮಸ್ಕಾರಗಳು. ತಾವು ಕ್ಷೇಮವೆಂಬುದು ಸದ್ದಿನಿಂದಲೇ ತಿಳಿಯುತ್ತದೆ. ನನ್ನ ಕ್ಷೇಮವನ್ನು ತಾವು ವಿಚಾರಿಸುವುದಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳುತ್ತಿದ್ದೇನೆ.

ದೂರು ಕೊಡಲು ಬಂದವರ ಮನಸ್ಸು ತಣ್ಣಗಿರಲಿ ಎಂದು ಸಾಹೇಬರು ಹೋದ ತಿಂಗಳು ತಮ್ಮನ್ನು ಹಾಕಿಸಿದರು. ತಮ್ಮನ್ನು ಕೂರಿಸಿದ ಮೆಕ್ಯಾನಿಕ್ಕಿಗೆ ಏಣಿ ಹಿಡಿದವನು ನಾನೇ, ಟೀ ತರಿಸಿಕೊಟ್ಟವನೂ ನಾನೇ. ಮನಸ್ಸುಗಳು ತಣ್ಣಗಾದವು, ಸುಳ್ಳು ಹೇಳಬಾರದು. ಆದರೆ ಜೊತೆಗೆ ನೆನಪುಗಳೂ ಕರಗಿದವು. ತಾವು ನಗಾರಿ ಬಾರಿಸುತ್ತಿದ್ದಾಗ ಕಿರಾಣಿ ಅಂಗಡಿಯವರು ವರ್ಣಿಸಿದ ಸೈಕಲ್ ಕಳ್ಳನಿಗೆ ಕುದುರೆಯೊಂದು ಬಿಟ್ಟು ಮಿಕ್ಕೆಲ್ಲ ರಾಜಲಕ್ಷಣಗಳಿದ್ದವು. ತಾವು ಕೊಳಲಿಗೆ ಇಳಿದ ಮೇಲೆ ಅವರ ಹೆಂಡತಿ, ಅದೇ ಕಳ್ಳನದು ಪಾಪ ಹಸುಗೂಸಿನ ಮುಖ ಎಂದರು. ಇಬ್ಬರೂ ಒಂದೇ ಕಿಟಕಿಯಿಂದ ನೋಡಿದವರು! ಒಂದೇ ಮೀಸೆಯನ್ನು ಬರೆದು ಅಳಿಸಿ ನನ್ನ ರಬ್ಬರು ಸವೆಯಿತು.

ಅದನ್ನೂ ನುಂಗಿಕೊಂಡೆ. ಆದರೆ ಹೋದ ವಾರ ಹೊಲಿಗೆಯಮ್ಮ ಬಂದರು. ಅವರ ಹೊಲಿಗೆ ಮಿಷನ್ನನ್ನು ಹಾಡಹಗಲೇ ಒಬ್ಬ ಹೊತ್ತೊಯ್ದಿದ್ದ. ಅದಿಲ್ಲದೆ ಅವರ ಮನೆಯ ಒಲೆ ಹೊತ್ತುವುದಿಲ್ಲ. ಅವನ ಮುಖವನ್ನು ಮೊಳ ದೂರದಿಂದ ಕಂಡಿದ್ದರು. ಅವರು ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದ್ದೇ ತಡ, ತಾವು ಪಿಟೀಲು ಶುರು ಮಾಡಿದಿರಿ. ಅಗಲ ಹಣೆ, ಸೋತ ಕಣ್ಣು, ಗಲ್ಲದ ಮೇಲೊಂದು ಮಚ್ಚೆ ಎಂದು ಅವರು ಹೇಳುತ್ತಾ ಹೋದರು, ನಾನು ಬಿಡಿಸುತ್ತಾ ಹೋದೆ. ಮುಗಿದ ಚಿತ್ರ ನೋಡಿ, “ಅಯ್ಯೋ, ಇದು ನಮ್ಮನೆಯವರಲ್ವಾ ಸಾರ್! ತೀರಿಹೋಗಿ ಆರು ವರ್ಷ ಆಯ್ತು, ಅವರ ಮೇಲೆ ಕೇಸ್ ಹಾಕ್ಬೇಡಿ” ಎಂದು ಅತ್ತೇಬಿಟ್ಟರು. ನನಗೆ ತಮ್ಮ ಮೇಲೆ ಮೈಯೆಲ್ಲ ಉರಿಯಿತು.

ಹೋದವರನ್ನು ಎಬ್ಬಿಸಿ ಆರೋಪಿಯನ್ನಾಗಿಸುವ ತಮ್ಮ ಪ್ರತಿಭೆಗೆ ನಮ್ಮ ಠಾಣೆ ತೀರಾ ಚಿಕ್ಕದು. ಆದ್ದರಿಂದ ವಿನಮ್ರ ಕೋರಿಕೆ: ಇನ್ನು ಮುಂದೆ ತಾವು ಕಳ್ಳತನದ ಜಾಗಕ್ಕೆ ಮುಂಚಿತವಾಗಿ ಹೋಗಿ ಅಲ್ಲೂ ಅದೇ ರಾಗ ನುಡಿಸಬೇಕು, ಆಗ ಕಂಡದ್ದೂ ನೆನೆದದ್ದೂ ತಾಳೆಯಾದೀತು. ಅದಾಗದಿದ್ದರೆ ಪ್ರತಿ ಚಿತ್ರದ ಕೆಳಗೆ ನನ್ನ ಜೊತೆ ತಾವೂ ಸಹಿ ಹಾಕಬೇಕು.

ನಿನ್ನೆ ಕರೆಂಟು ಹೋಗಿ ತಾವು ಕಾಲು ಗಂಟೆ ಸುಮ್ಮನಿದ್ದಿರಿ. ಮಿಷನ್ ಸಿಕ್ಕಿತೇ ಎಂದು ದಿನವೂ ಬರುವ ಹೊಲಿಗೆಯಮ್ಮ ಬೆಂಚಿನಲ್ಲೇ ಇದ್ದರು. ಹೊಸ ಹಾಳೆ ತೆಗೆದೆ. ಈ ಸಲ ಅವರು ಅಳಲಿಲ್ಲ, ತಡವರಿಸಲಿಲ್ಲ. ಮೂಗು ಮುಗಿಯುವ ಹೊತ್ತಿಗೆ ನನ್ನ ಕೈ ನಿಂತಿತು: ಈ ಮುಖವನ್ನು ನಾನು ಏಣಿಯ ಬುಡದಿಂದ ನೋಡಿದ್ದೆ.

ತಮ್ಮ ಕೆಳಗೇ ಕುರ್ಚಿ ಹಾಕಿಕೊಂಡಿರುವ,
ತಮ್ಮ ವಿಶ್ವಾಸಿ,
ಠಾಣೆಯ ಚಿತ್ರಕಾರ

ಮರೆತ ಮಾತು: ಮಿಷನ್ ಹೊಲಿಗೆಯಮ್ಮನ ಮನೆ ಸೇರಿದೆ. ಕರೆಂಟು ಬಂದರೂ ತಾವು ಬಾಯಿ ಬಿಡುತ್ತಿಲ್ಲ. ತಂತಿ ಯಾರು ಕಿತ್ತರೋ, ಸಾಕ್ಷಿಗಳಿಲ್ಲ. ತಮ್ಮನ್ನು ಸರಿಮಾಡಬಲ್ಲ ಮೆಕ್ಯಾನಿಕ್ಕು ಇಲ್ಲೇ ಲಾಕಪ್ಪಿನಲ್ಲಿದ್ದಾನೆ, ಆದರೆ ಏಣಿ ಹಿಡಿಯಲು ನನಗೆ ಪುರುಸೊತ್ತಿಲ್ಲ.